ನಮ್ಮಣ್ಣನ ಅಂಗಡಿಯ ಹಿರಿಯ ನೌಕರ

ನಮ್ಮ ಅಣ್ಣನಿಗೆ ಬೀದಿಯವರು ‘ನಿಧಾನಪ್ಪ’ ಎಂದು ಹೆಸರಿಟ್ಟಿದ್ದಾರೆ. ಅವನು ಒಂದು ಕಿವಿಯ ಸುತ್ತ ಕತ್ತರಿಸಿ ಮುಗಿಸಿ ಇನ್ನೊಂದು ಕಿವಿಗೆ ಬರುವಷ್ಟರಲ್ಲಿ ಮೊದಲಿನ ಕಡೆ ಕೂದಲು ಮತ್ತೆ ಬೆಳೆದಿರುತ್ತದೆ ಎಂಬುದು ಅಲ್ಲಿನ ಹಳೆಯ ಜೋಕು. ಆ ಜೋಕು ಮಾಡಿದವಳು ನಾನೇ, ಅವನ ತಂಗಿ. ಆದರೆ ಬೇರೆ ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಣ್ಣನನ್ನು ಆಡಿಕೊಳ್ಳುವ ಹಕ್ಕು ನನಗೆ ಹುಟ್ಟಿನಿಂದ ಬಂದದ್ದು, ಬೀದಿಗೆ ಅದನ್ನು ಯಾರು ಕೊಟ್ಟರು?

ಅಣ್ಣ ಕ್ಷೌರಿಕ. ಅಪ್ಪ ಶುರು ಮಾಡಿದ ಅಂಗಡಿಯನ್ನೇ ನಡೆಸುತ್ತಿದ್ದಾನೆ. ಎರಡು ತಿರುಗುವ ಕುರ್ಚಿ, ಎದುರುಬದುರಾಗಿ ಎರಡು ದೊಡ್ಡ ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಬೆಂಚಿನ ಮೇಲೆ ಮೂರು ದಿನ ಹಳೆಯ ಪೇಪರು. ಹಿಂದಿನ ಪರದೆ ಸರಿಸಿದರೆ ಮನೆ. ಮೊದಲು ಅಡುಗೆಮನೆ, ಅದರಾಚೆ ಒಂದು ಕೋಣೆ, ಏಣಿಯಂಥ ಮೆಟ್ಟಿಲು ಹತ್ತಿದರೆ ಇನ್ನೊಂದು. ಅತ್ತಿಗೆ ಒಲೆಯ ಮೇಲೆ ಏನಿಟ್ಟಿದ್ದಾಳೆ ಎಂಬುದು ಗಡ್ಡಕ್ಕೆ ಕೂತವರಿಗೂ ಗೊತ್ತಾಗುತ್ತದೆ. ಮೂಗಿನ ತನಕ ನೊರೆ ಮೆತ್ತಿಸಿಕೊಂಡೇ “ಏನಮ್ಮಾ, ಇವತ್ತೂ ಬದನೆಕಾಯಾ?” ಎಂದು ಕೂಗಿ ಕೇಳಿದವರಿದ್ದಾರೆ.

ಅಪ್ಪನ ಕಾಲದಿಂದ ಅಲ್ಲಿ ಒಂದು ಕಟ್ಟಳೆ. ಕತ್ತರಿ ಕೆಳಗಿಟ್ಟ ತಕ್ಷಣ ಗಿರಾಕಿ ಎದ್ದುಹೋಗುವಂತಿಲ್ಲ. ಕೈಗನ್ನಡಿಯನ್ನು ಅವನ ತಲೆಯ ಹಿಂದೆ ಹಿಡಿದು, ಎಡಕ್ಕೆ ಬಲಕ್ಕೆ ವಾಲಿಸಿ, ಕತ್ತಿನ ಹಿಂಭಾಗ ಅವನಿಗೆ ತೋರಿಸಬೇಕು. ಅವನು ತಲೆಯಾಡಿಸಿದರೆ ಸಾಲದು, ಅಪ್ಪನೂ ತಲೆಯಾಡಿಸಬೇಕು. “ಮುಖ ಅವನಿಗೆ ಕಾಣುತ್ತೆ ಕಣೋ, ಕತ್ತು ಊರಿಗೆ ಕಾಣುತ್ತೆ” ಎಂದು ಅಣ್ಣನಿಗೆ ಕೆಲಸ ಕಲಿಸುವಾಗ ಬಾಚಣಿಗೆಯಿಂದ ಗೆಣ್ಣಿಗೆ ಕುಟ್ಟುತ್ತಾ ಹೇಳುತ್ತಿದ್ದ. ಹೊಗಳಿಕೆ ಅಪ್ಪನ ಬಾಯಿಗೆ ಗೊತ್ತಿರಲಿಲ್ಲ. ತೀರಾ ಚೆನ್ನಾಗಿದ್ದರೆ ‘ನಡೆಯುತ್ತೆ’ ಎನ್ನುತ್ತಿದ್ದ, ಅದೂ ಬಾಗಿಲ ಕಡೆ ನೋಡಿಕೊಂಡು.

ಅಪ್ಪನಿಗೆ ಎಪ್ಪತ್ತೆರಡಾಗಿದ್ದಾಗ ಒಂದು ದಿನ ಒಬ್ಬ ಗಿರಾಕಿಗೆ ಕಟಿಂಗ್ ಮುಗಿಸಿ, ಬಟ್ಟೆ ಕೊಡವಿ, “ಬನ್ನಿ, ಕೂತ್ಕೊಳ್ಳಿ” ಎಂದು ಅವನನ್ನೇ ಮತ್ತೆ ಕೂರಿಸಿದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆರು ತಿಂಗಳಾದ ಮೇಲೆ ಪರದೆ ಸರಿಸಿ ಮನೆಯೊಳಗೆ ಬರುವ ದಾರಿ ತಿಳಿಯದೆ ಅಂಗಡಿಯ ನಡುವೆ ನಿಂತುಬಿಟ್ಟ. ಆಗ ಯಾರೂ ನಗಲಿಲ್ಲ. ಡಾಕ್ಟರು ಡಿಮೆನ್ಶಿಯಾ ಎಂದರು, ಹೋದ ನೆನಪು ಹಿಂದೆ ಬರುವುದಿಲ್ಲ ಎಂದರು. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕಟ್ಟಿದವರ ಮನೆಯಲ್ಲಿ ಇಂಥವರು ಒಬ್ಬರೂ ಇರಲಿಲ್ಲವೇನೋ. ಇದ್ದಿದ್ದರೆ ಗಾದೆ ಕಟ್ಟುವಷ್ಟು ಪುರುಸೊತ್ತು ಸಿಗುತ್ತಿರಲಿಲ್ಲ.

ನಾನು ದವಾಖಾನೆಯಲ್ಲಿ ಚೀಟಿ ಬರೆಯುವ ಕೌಂಟರಿನವಳು. ತಮ್ಮ ನಂಬರು ಕೂಗಿದರೂ ಏಳದೆ ಪಿಳಿಪಿಳಿ ನೋಡುವ ಮುದುಕರನ್ನು ದಿನಾ ನೋಡುತ್ತೇನೆ. ಹಾಗಾಗಿ ಇದೆಲ್ಲ ನನಗೆ ಗೊತ್ತು ಎಂಬ ಧಿಮಾಕಿತ್ತು. ಅಪ್ಪನನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳಬೇಕು, ಹೊತ್ತಿಗೆ ಸರಿಯಾಗಿ ಊಟ ಮಾತ್ರೆ ಕೊಡಬೇಕು, ಯಾರಾದರೂ ಕೇಳಿದರೆ ‘ವಯಸ್ಸಾಯ್ತು, ಕಿವಿ ಸ್ವಲ್ಪ ಮಂದ’ ಎನ್ನಬೇಕು. ಇದು ನಾನು ಹಾಕಿಕೊಟ್ಟ ವ್ಯವಸ್ಥೆ. ಕೊನೆಯದೊಂದನ್ನು ಮಾತ್ರ ಅಣ್ಣ ಒಪ್ಪಿದ. ಉಳಿದವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

“ಕೋಣೇಲಿ ಏನ್ ಮಾಡ್ತಾರೆ?” ಎಂದ.

“ಏನೂ ಮಾಡೋದು ಬೇಡ. ಆರಾಮಾಗಿ ಇರ್ಲಿ.”

“ಅಪ್ಪಂಗೆ ಆರಾಮಾಗಿ ಇರಕ್ಕೆ ಯಾವಾಗ ಬರ್ತಿತ್ತು?”

ಬೆಳಿಗ್ಗೆ ಏಳಕ್ಕೆ ಅಪ್ಪನಿಗೆ ಸ್ನಾನ ಮಾಡಿಸಿ, ಇಸ್ತ್ರಿ ಅಂಗಿ ತೊಡಿಸಿ, ಅಣ್ಣ ಅವನನ್ನು ಅಂಗಡಿಗೆ ಕರೆತರುತ್ತಿದ್ದ. ಕರೆತರುವುದೆಂದರೆ ಏನು, ಪರದೆ ಸರಿಸಿದರೆ ಅಂಗಡಿ. ಆದರೆ ಹಾಗೆ ಮಾಡುತ್ತಿರಲಿಲ್ಲ. ಮನೆಯ ಹಿಂಬಾಗಿಲಿನಿಂದ ಹೊರಟು, ಓಣಿಯನ್ನೆಲ್ಲ ಸುತ್ತಿ, ಸಿಕ್ಕವರಿಗೆ ನಮಸ್ಕಾರ ಹೇಳಿಸಿ, ಬೀದಿಯ ಕಡೆಯಿಂದ ಅಂಗಡಿಯ ಮೆಟ್ಟಿಲು ಹತ್ತಿಸುತ್ತಿದ್ದ. ಐದು ಹೆಜ್ಜೆಯ ದಾರಿಗೆ ಇಪ್ಪತ್ತು ನಿಮಿಷ. “ಕೆಲಸಕ್ಕೆ ಹೋಗೋರು ಹಿತ್ತಲ ಕಡೆಯಿಂದ ಹೋಗಲ್ಲ” ಎನ್ನುತ್ತಿದ್ದ.

ಕತ್ತರಿ, ಕತ್ತಿ, ಮಿಷನ್ನು ಅಪ್ಪನ ಕೈಗೆ ಸಿಗುವಂತಿರಲಿಲ್ಲ. ಮೂಲೆಯ ಸ್ಟೂಲು, ಕೈಗನ್ನಡಿ ಮಾತ್ರ ಅವನದು. ಅಣ್ಣ ಕತ್ತರಿ ಕೆಳಗಿಟ್ಟ ಸದ್ದಾಗುತ್ತಿದ್ದಂತೆ ಅಪ್ಪ ಎದ್ದು ಬಂದು, ಕನ್ನಡಿಯನ್ನು ಗಿರಾಕಿಯ ಬೆನ್ನ ಹಿಂದೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. “ಬಲಗಡೆ ಒಂದೆಳೆ ಕೆಳಗಿದೆ” ಎನ್ನುತ್ತಿದ್ದ. ಹತ್ತಕ್ಕೆ ಒಂಬತ್ತು ಸಲ ಒಂದೆಳೆ ಕೆಳಗೇ ಇರುತ್ತಿತ್ತು. ಹತ್ತನೆಯ ಸಲ ಇಲ್ಲದಿದ್ದರೂ ಅಣ್ಣ ಕತ್ತರಿಯನ್ನು ಗಾಳಿಯಲ್ಲಿ ಎರಡು ಬಾರಿ ಕಚಕಚ ಆಡಿಸಿ, “ಈಗ?” ಎನ್ನುತ್ತಿದ್ದ. ಅಪ್ಪ ತಲೆಯಾಡಿಸಿದ ಮೇಲೆಯೇ ಗಿರಾಕಿಗೆ ಬಿಡುಗಡೆ. ಅಪ್ಪನಿಂದ ಪಾಸಾಗದೆ ಹೋದರೆ ಕಟಿಂಗ್ ಮಾಡಿಸಿಕೊಂಡ ಹಾಗೇ ಅನ್ನಿಸುವುದಿಲ್ಲ ಎಂದು ಹಳಬರು ಹೇಳುತ್ತಿದ್ದರು.

ಬರಬರುತ್ತಾ ಅಪ್ಪನಿಗೆ ಅಣ್ಣ ಮಗನೆಂಬುದು ಮರೆತುಹೋಯಿತು. ತಾನು ಮದುವೆಗೆ ಮುಂಚೆ ಯಾರದೋ ಅಂಗಡಿಯಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಹೋಗಿ ನಿಂತುಬಿಟ್ಟ. ಅಣ್ಣ ಅಂಗಡಿಯ ಯಜಮಾನ, ತಾನು ಅವನ ನೌಕರ. “ಯಜಮಾನ್ರೇ, ನಾಳೆ ಒಂದಿನ ರಜಾ ಬೇಕಿತ್ತು” ಎಂದು ಕೈ ಕಟ್ಟಿ ಕೇಳುತ್ತಿದ್ದ. ನಾನು ಅದನ್ನು ಮೊದಲ ಸಲ ಕೇಳಿದ ದಿನ ಅಡುಗೆಮನೆಗೆ ಓಡಿ ಸೆರಗು ಬಾಯಿಗಿಟ್ಟುಕೊಂಡು ಅತ್ತಿದ್ದೆ. ಅಣ್ಣನೋ, “ರಜಾಗಿಜಾ ಏನಿಲ್ಲ, ಭಾನುವಾರ ನೋಡಣ” ಎಂದು ಗದರಿಸಿ, ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. “ಹುಟ್ಟಿದಾಗಿಂದ ಬೈಸ್ಕೊಂಡಿದೀನಿ. ಈಗ ನನ್ನ ಸರದಿ ಬಂದಿದೆ, ನೀನ್ಯಾಕೆ ಅಳ್ತೀಯ?” ಎಂದ.

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಪೋಸ್ಟ್‌ಮನ್ ಮೀಸೆಯ ಪ್ರಕರಣ.

ನಮ್ಮ ಬೀದಿಯ ಪೋಸ್ಟ್‌ಮನ್‌ಗೆ ಹೆಸರಿಗಿಂತ ಮೊದಲು ಮೀಸೆ ಬರುತ್ತಿತ್ತು. ಎರಡೂ ತುದಿ ಮೇಲಕ್ಕೆ ತಿರುವಿದ, ಎಣ್ಣೆ ಹಚ್ಚಿ ಸಾಕಿದ ಮೀಸೆ. ಅವರು ವಾರಕ್ಕೆರಡು ಸಲ ಗಡ್ಡಕ್ಕೆ ಬರುತ್ತಿದ್ದರು, ಮೀಸೆಯ ಹತ್ತಿರ ಅಣ್ಣ ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿದ್ದ. ಅವರ ತಂದೆ ಮೂವತ್ತು ವರ್ಷ ನಮ್ಮ ಅಪ್ಪನ ಗಿರಾಕಿ. ಮೀಸೆಯಿಲ್ಲದ, ನುಣ್ಣನೆ ಮುಖದ ಮನುಷ್ಯ. ಪೋಸ್ಟ್‌ಮನ್‌ಗೂ ಐವತ್ತೈದು ದಾಟಿ, ಕೆನ್ನೆ ಇಳಿದು, ಹಣೆ ಅಗಲವಾಗಿ, ದಿನೇ ದಿನೇ ಆ ತಂದೆಯ ಮುಖವೇ ಬರುತ್ತಿತ್ತು. ನಮಗ್ಯಾರಿಗೂ ಅದು ಹೊಳೆದಿರಲಿಲ್ಲ.

ಆ ದಿನ ನೊರೆ ಹಚ್ಚಿಸಿಕೊಂಡ ಪೋಸ್ಟ್‌ಮನ್ ತಲೆ ಹಿಂದಕ್ಕೊರಗಿಸಿ ಕಣ್ಣು ಮುಚ್ಚಿದ್ದರು. ಬಿಸಿನೀರು ಆರಿತ್ತು. ಅಣ್ಣ ಯಾವಾಗಲೂ ಕತ್ತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೇ ಒಳಗೆ ಹೋಗುವವನು. ಅಂದು ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಒದ್ದೆ ಟವೆಲು. ಕತ್ತಿ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಉಳಿಯಿತು. ಅವನು ಪರದೆಯಾಚೆ ಹೋಗಿ ಬರಲು ಎಷ್ಟು ಹೊತ್ತು? ನಿಧಾನಪ್ಪನಾದರೂ ಒಂದು ನಿಮಿಷ.

ಅಪ್ಪ ಎದ್ದು ಬಂದು ನೋಡಿದ. ಕುರ್ಚಿಯಲ್ಲಿ ಅವನ ಹಳೆಯ ಗಿರಾಕಿ ಕೂತಿದ್ದ. ಆದರೆ ಮುಖದ ಮೇಲೆ ಇಲ್ಲದ್ದೊಂದು ಬೆಳೆದಿತ್ತು. “ಏನ್ ಸ್ವಾಮಿ, ಬಹಳ ದಿನ ಆಯ್ತು ಬಂದು” ಎಂದ. ಪೋಸ್ಟ್‌ಮನ್ ಅರೆನಿದ್ದೆಯಲ್ಲಿ ಹೂಂ ಎಂದರು. ಅಣ್ಣ ಬಿಸಿನೀರು ಹಿಡಿದು ಪರದೆ ಸರಿಸುವ ಹೊತ್ತಿಗೆ ಎಡಗಡೆಯ ಮೀಸೆ ಪೂರ್ತಿ ಹೋಗಿತ್ತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಅದನ್ನು ತೆಗೆದ ಅಪ್ಪ ಈಗ ಬಲಗಡೆಗೆ ತಿರುಗುತ್ತಿದ್ದ.

ಅಣ್ಣ ಕೂಗಲಿಲ್ಲ. ಕೂಗಿದ್ದರೆ ಕೈ ಜಾರಿ ಏನಾಗುತ್ತಿತ್ತೋ. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, ಹತ್ತಿರ ಹೋಗಿ, “ಕೊಡಿ, ಮಿಕ್ಕಿದ್ದು ನಾನು ಮಾಡ್ತೀನಿ, ನೀವು ಕನ್ನಡಿ ಹಿಡೀರಿ” ಎಂದ. ಅಪ್ಪ ಕತ್ತಿ ಮಡಚಿ ಕೊಟ್ಟ. ಆಮೇಲೆ ತನ್ನ ಕೆಲಸದಂತೆ ಕೈಗನ್ನಡಿ ತೆಗೆದುಕೊಂಡು ಹೋಗಿ ಪೋಸ್ಟ್‌ಮನ್ ಮುಂದೆ ಹಿಡಿದ. ಪೋಸ್ಟ್‌ಮನ್ ಕಣ್ಣು ಬಿಟ್ಟರು.

ಅವರ ಬಾಯಿಂದ ಬಂದ ಮಾತುಗಳನ್ನು ಬರೆಯಲಾರೆ. ನಮ್ಮಣ್ಣನ ಪೆದ್ದುತನ ನೋಡಿ, ಅಂಥ ಹೊತ್ತಿನಲ್ಲೂ ಅವರ ತುಟಿಯ ಮೇಲೆ ಬೆರಳಾಡಿಸಿ “ಒಂದು ಗೀರೂ ಇಲ್ಲ ನೋಡಿ” ಎಂದನಂತೆ. ಎಪ್ಪತ್ತಾರರ ಅಪ್ಪನ ಕೈ ಒಂದಿಷ್ಟೂ ನಡುಗಿರಲಿಲ್ಲ ಎಂಬ ಹೆಮ್ಮೆ ಅವನಿಗೆ! ಕೊನೆಗೆ ಉಳಿದ ಅರ್ಧವನ್ನೂ ಅಣ್ಣನೇ ಬೋಳಿಸಬೇಕಾಯಿತು. ಪೋಸ್ಟ್‌ಮನ್ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಕಾಗದ ಹಂಚಲು ಹೋದರು. ‘ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎನ್ನುತ್ತಾರಲ್ಲ, ಪಾಪ, ಅವರಿಗೆ ಬೀಳಲು ಧೈರ್ಯವಿದ್ದರೂ ಮಣ್ಣಾಗಲು ಮೀಸೆಯೇ ಇರಲಿಲ್ಲ.

ಸುದ್ದಿ ನನ್ನ ಕೌಂಟರಿಗೆ ಬರಲು ಅರ್ಧ ಗಂಟೆ ಸಾಕಾಯಿತು. ಮಧ್ಯಾಹ್ನವೇ ಅಂಗಡಿಗೆ ಹೋದೆ. ಅಣ್ಣ ಬಾಗಿಲು ಅರ್ಧ ಎಳೆದು ಒಬ್ಬನೇ ಕೂತಿದ್ದ. ಅಪ್ಪ ತನ್ನ ಸ್ಟೂಲಿನ ಮೇಲೆ ಕೈಗನ್ನಡಿ ಒರೆಸುತ್ತಿದ್ದ.

“ಸಾಕು ಕಣಣ್ಣ. ಇವತ್ತು ಮೀಸೆ, ನಾಳೆ ಕುತ್ತಿಗೆ” ಎಂದೆ.

“ತಪ್ಪು ನಂದು. ಕತ್ತಿ ಬಿಟ್ಟು ಹೋದೋನು ನಾನು.”

“ತಪ್ಪು ನಿಂದಾದ್ರೂ ಕುತ್ತಿಗೆ ಅವರದ್ದು.”

ನಾನು ಸುಮ್ಮನಾಗಲಿಲ್ಲ. ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ, ಹಿರಿಯವನೆಂಬ ಕೊಬ್ಬು, ಹೆಂಡತಿಯಾದರೂ ಬುದ್ಧಿ ಹೇಳಬಾರದೆ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅತ್ತಿಗೆ ಪರದೆಯ ಬಳಿ ನಿಂತು ಕೇಳಿಸಿಕೊಂಡಳು, ತಿರುಗಿ ಒಂದು ಮಾತೂ ಆಡಲಿಲ್ಲ. ನನ್ನದು ಮೂರನೆಯ ಮಹಡಿಯ ಮನೆ, ನಾನೊಬ್ಬಳೇ ಇರುವುದು. ಅಪ್ಪನನ್ನು ಇವತ್ತಿನಿಂದ ನಾನು ಇಟ್ಟುಕೊಳ್ಳುತ್ತೇನೆ ಎಂದೆ. ವರ್ಷದ ರಜೆಯೆಲ್ಲ ಒಟ್ಟಿಗೆ ಹಾಕುತ್ತೇನೆ, ಆಮೇಲಿನದು ಆಮೇಲೆ.

ಅಣ್ಣ ಹಲಗೆಯ ಮೇಲಿನ ಸಾಮಾನುಗಳನ್ನೆಲ್ಲ ಒಂದೊಂದಾಗಿ ಒರೆಸಿಟ್ಟ ಮೇಲೆ ಬಾಯಿ ಬಿಟ್ಟ. ಜಗಳದಲ್ಲೂ ಅವನು ನಿಧಾನಪ್ಪನೇ.

“ಕರ್ಕೊಂಡು ಹೋಗು. ಆದ್ರೆ ರಜಾ ಅಂತ ಹೇಳಿ ಕರ್ಕೊಂಡು ಹೋಗು. ಕೆಲಸದಿಂದ ತೆಗೆದ್ರು ಅಂತ ಅವ್ರಿಗೆ ಅನ್ನಿಸ್ಬಾರ್ದು” ಎಂದ. ಆಮೇಲೆ ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತು, “ನಿಮಗೆ ಸ್ವಲ್ಪ ದಿನ ರಜಾ” ಎಂದ.

“ನಾನು ಕೇಳಿಲ್ವಲ್ಲ ಯಜಮಾನ್ರೇ?” ಎಂದ ಅಪ್ಪ.

ನನ್ನ ಮನೆಯಲ್ಲಿ ಅಪ್ಪನಿಗೆ ಯಾವುದಕ್ಕೂ ಕಡಿಮೆಯಿರಲಿಲ್ಲ. ಮೆತ್ತನೆಯ ಹಾಸಿಗೆ, ಬಿಸಿ ಊಟ, ಕಿಟಕಿಯ ಪಕ್ಕ ಕುರ್ಚಿ. ಚೂಪಾದದ್ದು ಒಂದು ಚಮಚವೂ ಕೈಗೆ ಸಿಗುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ತಾನಾಗಿ ಅಂಗಿಯ ಗುಂಡಿ ಹಾಕಿಕೊಂಡು ಬಾಗಿಲ ಬಳಿ ನಿಲ್ಲುತ್ತಿದ್ದ. “ಹೊತ್ತಾಯ್ತು, ಬಾಗಿಲು ತೆಗಿಯಮ್ಮ” ಎನ್ನುತ್ತಿದ್ದ. ನಾನು ಯಾರೆಂಬುದು ಅವನಿಗೆ ತಿಳಿದಿರಲಿಲ್ಲ, ಯಾವುದೋ ಮನೆಯ ಹೆಣ್ಣುಮಗಳು. “ಇವತ್ತು ರಜಾ ಅಪ್ಪ” ಎಂದರೆ ಹೋಗಿ ಕೂರುತ್ತಿದ್ದ, ಐದು ನಿಮಿಷಕ್ಕೆ ಮತ್ತೆ ಬರುತ್ತಿದ್ದ. ಮೂರನೆಯ ದಿನ ಬಾಗಿಲು ಬಡಿದ. ನಾಲ್ಕನೆಯ ದಿನ ಚಿಲಕ ಹಿಡಿದು ಎಳೆದಾಡಿ ಬೆರಳು ತರಚಿಕೊಂಡ. ಆರನೆಯ ದಿನದಿಂದ ಬಾಗಿಲ ಹತ್ತಿರ ಬರುವುದನ್ನು ಬಿಟ್ಟ. ಕಿಟಕಿಯ ಪಕ್ಕ ಕೂರಿಸಿದರೆ ಕೂತಿರುತ್ತಿದ್ದ. ತಿನ್ನಿಸಿದರೆ ತಿನ್ನುತ್ತಿದ್ದ.

ಅಪ್ಪ ಹೊಂದಿಕೊಂಡ ಎಂದು ಅತ್ತಿಗೆಗೆ ಫೋನಿನಲ್ಲಿ ಜಂಬದಿಂದ ಹೇಳಿದೆ.

“ಹೊಂದ್ಕೊಂಡ್ರಾ, ಸುಮ್ನಾಗ್ಬಿಟ್ರಾ?” ಎಂದಳು ಅತ್ತಿಗೆ. ಹತ್ತು ದಿನ ಮೊದಲು ನಾನಂದ ಮಾತಿಗೆಲ್ಲ ಅವಳು ತಿರುಗಿ ಅಂದದ್ದು ಇಷ್ಟೇ.

ಅಣ್ಣ ದಿನಾ ಸಂಜೆ ಅಂಗಡಿ ಮುಚ್ಚಿ, ಬ್ರಷ್ಷು ಬಟ್ಟಲು ಹಿಡಿದು ನನ್ನ ಮೂರು ಮಹಡಿ ಹತ್ತಿ ಬರುತ್ತಿದ್ದ. ಅಪ್ಪನಿಗೆ ಗಡ್ಡ ಮಾಡಿ, ಪಟಿಕ ಉಜ್ಜಿ, ಕನ್ನಡಿಯನ್ನು ಅಪ್ಪನ ಕೈಗೇ ಕೊಡುತ್ತಿದ್ದ. ಮೊದಲ ದಿನಗಳಲ್ಲಿ ಅಪ್ಪ ಕನ್ನಡಿ ವಾಲಿಸಿ ಪರೀಕ್ಷೆ ಮಾಡುತ್ತಿದ್ದ. ಆಮೇಲಾಮೇಲೆ ಅದನ್ನು ತೊಡೆಯ ಮೇಲೆ ಬೋರಲು ಮಲಗಿಸಿಬಿಡುತ್ತಿದ್ದ. ಅಣ್ಣ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನೂ ನಾಲ್ಕು ಅಂದು ಹಗುರಾಗುತ್ತಿದ್ದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ. ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅಂಗಿಯ ಗುಂಡಿಗಳು ಒಂದಕ್ಕೊಂದು ತಪ್ಪಿದ್ದವು.

“ಅಮ್ಮಾ, ನನ್ನನ್ನ ಕೆಲಸದಿಂದ ತೆಗೆದ್ರಾ?” ಎಂದು ಕೇಳಿದ.

ನಾನು ಹಾಲು ಬಿಟ್ಟು ಅವನ ಕಡೆ ತಿರುಗಿದೆ.

“ಏನು ತಪ್ಪು ಮಾಡಿದೆ ಅಂತ ಹೇಳಿದ್ರೆ ತಿದ್ಕೋತೀನಿ. ಯಜಮಾನ್ರಿಗೆ ನೀವೊಂದ್ ಮಾತು ಹೇಳಿ” ಎಂದು ಕೈ ಮುಗಿದ.

ನನ್ನಪ್ಪ, ಇಡೀ ಬೀದಿಯ ಕತ್ತುಗಳಿಗೆ ಪಾಸು ಫೇಲು ಹೇಳುತ್ತಿದ್ದವನು, ನನಗೆ ಕೈ ಮುಗಿದ. ಹಾಲು ಉಕ್ಕಿ ಒಲೆಯೆಲ್ಲ ಆಯಿತು. ನನ್ನಷ್ಟು ದಡ್ಡಿ ಇನ್ನೊಬ್ಬಳಿಲ್ಲ ಎಂದು ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಅವನ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದೆ, ತಲೆ ಬಾಚಿದೆ, ಕೈ ಹಿಡಿದು ಬಸ್ಸಿಗೆ ಹತ್ತಿಸಿದೆ.

ಅಂಗಡಿಯ ಮೆಟ್ಟಿಲ ಹತ್ತಿರ ಬಂದಾಗ ಒಳಗೆ ಅಣ್ಣ ಹೊಸ ಗಿರಾಕಿಯೊಬ್ಬನಿಗೆ ಹೇಳುತ್ತಿದ್ದದ್ದು ಕೇಳಿಸಿತು. “ಕೂತ್ಕೊಳ್ಳೋ ಮುಂಚೆ ಒಂದು ಮಾತು. ನಮ್ಮ ತಂದೆಯವರಿಗೆ ಮರೆವಿನ ಕಾಯಿಲೆ ಇದೆ. ಸದ್ಯ ತಂಗಿ ಮನೇಲಿದಾರೆ, ಬಂದ ಮೇಲೆ ಇಲ್ಲೇ ನಮ್ಮ ಜೊತೆ ಇರ್ತಾರೆ. ಕತ್ತಿ ನನ್ನ ಕೊರಳು ಬಿಟ್ಟು ಎಲ್ಲೂ ಹೋಗಲ್ಲ. ನಿಮಗೆ ಸರಿ ಅನ್ಸಿದ್ರೆ ಕೂತ್ಕೊಳ್ಳಿ, ಇಲ್ಲಾಂದ್ರೆ ಎದುರು ಬೀದೀಲಿ ಇನ್ನೊಂದು ಅಂಗಡಿ ಇದೆ, ಅವರೂ ಚೆನ್ನಾಗಿ ಮಾಡ್ತಾರೆ.”

ಅವನ ಕೊರಳಲ್ಲಿ ಗಟ್ಟಿ ದಾರ, ದಾರಕ್ಕೆ ಅತ್ತಿಗೆ ಹೊಲಿದುಕೊಟ್ಟ ಚರ್ಮದ ಚೀಲ, ಚೀಲದಲ್ಲಿ ಮಡಚಿದ ಕತ್ತಿ. ಕುರ್ಚಿಯ ಪಕ್ಕದಲ್ಲೇ ಬಿಸಿನೀರಿನ ಫ್ಲಾಸ್ಕು. ಇನ್ನು ನೀರಿಗಾಗಿ ಒಳಗೆ ಹೋಗುವ ಪ್ರಸಂಗವೇ ಇಲ್ಲ. ಹನ್ನೊಂದು ದಿನದಿಂದ ಬಂದವರಿಗೆಲ್ಲ ಅವನು ಇದನ್ನೇ ಹೇಳುತ್ತಿದ್ದನೆಂದು ಅತ್ತಿಗೆ ಆಮೇಲೆ ತಿಳಿಸಿದಳು. ಆರು ಜನ ಎದ್ದುಹೋಗಿದ್ದರು. ಅಣ್ಣ ಅವರಿಗೂ ಬಾಗಿಲ ತನಕ ಹೋಗಿ ನಮಸ್ಕಾರ ಹೇಳಿದ್ದನಂತೆ.

“ಎಲ್ಲರ ಮುಂದೆ ಹಿಂಗೆ ಹೇಳ್ಬೇಕಾ?” ಎಂದು ಆ ಗಿರಾಕಿಗೆ ಕೇಳಿಸದಂತೆ ಕೇಳಿದೆ.

“ಹೇಳ್ದೆ ಇದ್ದಿದ್ದಕ್ಕೇ ಅಲ್ವಾ ಮೀಸೆ ಹೋಗಿದ್ದು? ಗೊತ್ತಿದ್ದಿದ್ರೆ ಅವರು ಕಣ್ಣು ಮುಚ್ತಿದ್ರಾ?” ಎಂದ ಅಣ್ಣ.

‘ಕಿವಿ ಮಂದ’ ಎಂದು ಊರಿಗೆಲ್ಲ ಹೇಳಿಸಿದವಳು ನಾನು. ದವಾಖಾನೆಯ ಕೌಂಟರಿನಲ್ಲಿ ನಮ್ಮ ಮನೆಯ ವಿಷಯ ಯಾರೂ ಆಡಬಾರದೆಂಬ ಮರ್ಯಾದೆಯ ಭೂತ ನನ್ನ ತಲೆಯಲ್ಲಿತ್ತು. ಅಣ್ಣ ಅದನ್ನು ಎತ್ತಿ ಆಡಲಿಲ್ಲ. ನನಗೇ ತಿಳಿಯಲಿ ಎಂದು ಬಿಟ್ಟ.

ಅಪ್ಪ ಮೆಟ್ಟಿಲ ಕೆಳಗೇ ನಿಂತಿದ್ದ. ಕಾಲು ಎತ್ತುತ್ತಿರಲಿಲ್ಲ.

“ಯಜಮಾನ್ರೇ, ನನ್ನ ಕೆಲಸ ಇದೆಯಾ?” ಎಂದು ಅಲ್ಲಿಂದಲೇ ಕೇಳಿದ.

ನಾನಾಗಿದ್ದರೆ ಓಡಿಹೋಗಿ ತಬ್ಬಿಕೊಂಡು ಗೊಳೋ ಎನ್ನುತ್ತಿದ್ದೆ. ಅಣ್ಣ ಸೊಂಟದ ಮೇಲೆ ಕೈಯಿಟ್ಟು ಗದರಿದ. “ಎಲ್ಲಿ ಹೋಗಿದ್ರಿ? ರಜಾ ಮುಗಿದು ಎಷ್ಟು ದಿನ ಆಯ್ತು? ನೀವಿಲ್ಲದೆ ಇಲ್ಲಿ ಒಂದು ಕತ್ತೂ ಸರಿಯಾಗಿ ಪಾಸಾಗಿಲ್ಲ. ಇನ್ನೊಂದ್ಸಲ ಹಿಂಗೆ ಕೈ ಕೊಟ್ರೆ ನೋಡಿ!”

ಅಪ್ಪನ ಮುಖ ಅರಳಿತು. ಬೈಸಿಕೊಂಡು ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ. ಗಡಿಬಿಡಿಯಿಂದ ಮೆಟ್ಟಿಲು ಹತ್ತಿ, ಸ್ಟೂಲಿನ ಬಳಿ ಹೋಗಿ, ಕೈಗನ್ನಡಿ ಎತ್ತಿಕೊಂಡು ಉಸಿರು ಹಾಕಿ ಒರೆಸಿದ. ಕೂತ ಗಿರಾಕಿ ಎದ್ದುಹೋಗಲಿಲ್ಲ.

ಮಧ್ಯಾಹ್ನ ಪೋಸ್ಟ್‌ಮನ್ ಬಂದರು. ಕಾಗದ ಕೊಡುವುದು ಅವರ ಡ್ಯೂಟಿ, ಅದಕ್ಕೆ ಬಂದದ್ದು. ಮೂಗಿನ ಕೆಳಗೆ ಹಲ್ಲುಜ್ಜುವ ಬ್ರಷ್ಷಿನಷ್ಟು ಬೆಳೆದಿತ್ತು. ಲಕೋಟೆಯನ್ನು ಹೊಸ್ತಿಲಾಚೆಯಿಂದಲೇ ಚಾಚಿದರು. ಅಣ್ಣ ತೆಗೆದುಕೊಂಡ. ಅವರು ಹೋಗಲೆಂದು ತಿರುಗಿದಾಗ ಅಪ್ಪ ಎದ್ದು ನಿಂತು, “ಸ್ವಾಮಿ, ಹಂಗೇ ಹೋಗ್ತಿದೀರಲ್ಲ, ಗಡ್ಡ ಬೆಳೆದಿದೆ. ನಿಮ್ಮ ಮಗ ಹೇಗಿದಾನೆ? ಶಾಲೆಗೆ ಹೋಗ್ತಾನಾ, ಇನ್ನೂ ಅಳ್ತಾನಾ?” ಎಂದ.

ಪೋಸ್ಟ್‌ಮನ್ ನಿಂತುಬಿಟ್ಟರು. ಅವರು ಕೂರಬಹುದೆಂದು ನಾನು ಅಂದುಕೊಂಡಿರಲಿಲ್ಲ. ಬ್ಯಾಗನ್ನು ಬೆಂಚಿನ ಮೇಲಿಟ್ಟು, ಅಣ್ಣನ ಕೊರಳಿನ ಚೀಲವನ್ನು ಎರಡೆರಡು ಸಲ ನೋಡಿ, ಕುರ್ಚಿಗೆ ಬಂದು ಕೂತರು.

“ಗಡ್ಡ ಮಾತ್ರ. ಮೇಲೆ ಮುಟ್ಟಿದ್ರೆ ನಿನ್ನ ಕಾಗದಗಳನ್ನೆಲ್ಲ ಚರಂಡಿಗೆ ಹಾಕ್ತೀನಿ” ಎಂದರು ಅಣ್ಣನಿಗೆ. ಆಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾ ಹೇಳಿದರು. “ನಮ್ಮಪ್ಪ ಹೋಗಿ ಇಪ್ಪತ್ತಾರು ವರ್ಷ ಆಯ್ತಮ್ಮ. ಒಂದು ಫೋಟೋನೂ ಇಲ್ಲ. ಮೀಸೆ ಹೋದ ದಿನ ಮನೇಲಿ ಕನ್ನಡಿ ನೋಡ್ಕೊಂಡೆ, ಅಲ್ಲಿ ಅವ್ರೇ ಕೂತಿದ್ರು. ಅವ್ರ ಮುಖ ನೆನಪಿಟ್ಕೊಂಡಿರೋರು ಈ ಬೀದೀಲಿ ಇನ್ನು ಇವರೊಬ್ರೇ.”

ಅಪ್ಪ ಕನ್ನಡಿ ಹಿಡಿದು ಕಾಯುತ್ತಿದ್ದ. ಗಡ್ಡ ಮುಗಿದ ಮೇಲೆ ಬಂದು ನೋಡಿ, ತಲೆಯಾಡಿಸಿದ. “ಶಾಲೆಗೆ ಹೋಗ್ತಾನೆ. ಈಗ ಅಳಲ್ಲ” ಎಂದು ಪೋಸ್ಟ್‌ಮನ್ ಅವನಿಗೆ ಹೇಳಿ, ಬ್ಯಾಗು ಹೆಗಲಿಗೇರಿಸಿ ಹೋದರು.

ನಾಲ್ಕು ಗಂಟೆಗೆ ಅಂಗಡಿ ಖಾಲಿಯಾಯಿತು. ನಾನು ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದೆ. ಅಣ್ಣ ಉದುರಿದ ಕೂದಲು ಗುಡಿಸುತ್ತಿದ್ದ. ಅಪ್ಪ ಸ್ಟೂಲಿನಿಂದ ಎದ್ದು, ಒಮ್ಮೆ ಬಾಗಿಲ ಕಡೆ ನೋಡಿ, ಕೈ ಕಟ್ಟಿಕೊಂಡು ಅಣ್ಣನ ಎದುರು ನಿಂತ. ರಜೆ ಕೇಳುತ್ತಾನೆಂದು ಇಬ್ಬರೂ ತಿಳಿದೆವು.

“ಯಜಮಾನ್ರೇ, ನನ್ನನ್ನ ಬಿಡಿಸಲಿಲ್ಲ, ದೊಡ್ಡ ಉಪಕಾರ ಆಯ್ತು. ಇನ್ನೊಂದು ಕೇಳ್ಬೇಕಿತ್ತು.”

“ಕೇಳಿ.”

“ನನಗೊಬ್ಬ ಮಗ ಇದಾನೆ. ಜಾಸ್ತಿ ಮಾತಾಡಲ್ಲ. ಕೈ ಬಹಳ ಚೆನ್ನಾಗಿದೆ, ನನಗಿಂತ ಚೆನ್ನಾಗಿದೆ. ಅವನಿಗೆ ನಾನು ಹೇಳಿಲ್ಲ, ಹೇಳಿದ್ರೆ ತಲೆ ತಿರುಗುತ್ತೆ ಅಂತ. ಬೈದು ಬೈದು ಇಟ್ಟಿದೀನಿ.” ಅಪ್ಪ ಸ್ವಲ್ಪ ಹತ್ತಿರ ಬಂದು ದನಿ ತಗ್ಗಿಸಿದ. “ನಾನು ಎಷ್ಟೋ ಅಂಗಡಿ ನೋಡಿದೀನಿ. ನಿಮ್ಮಂಥ ಯಜಮಾನ್ರನ್ನ ನೋಡಿಲ್ಲ. ಅವನನ್ನ ನಿಮ್ಮ ಹತ್ರ ಬಿಡ್ತೀನಿ. ಅವನೂ ನಿಮ್ಮ ಥರ ಆಗ್ಬೇಕು.”

ಅಣ್ಣನ ಕೈಯಲ್ಲಿ ಪೊರಕೆ ಹಾಗೇ ನಿಂತಿತು. ಅವನು ಅಪ್ಪನನ್ನು ತಿದ್ದಲಿಲ್ಲ, ನಾನೇ ಆ ಮಗ ಎನ್ನಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿದ್ದರೂ ಯಜಮಾನನ ಗತ್ತಿನಲ್ಲೇ ಬೆನ್ನು ನೆಟ್ಟಗೆ ಮಾಡಿದ.

“ಕಳಿಸಿ. ನಿಮ್ಮ ಮಗ ಅಂದ ಮೇಲೆ ಇನ್ನೇನು ನೋಡೋದಿದೆ?” ಎಂದ.